ಹೆಸರು ಅಳಿಸಿದರೆ ಗುರುತೂ ಅಳಿಯುತ್ತದೆಯೇ?

‘ನಿಮ್ಮ ಹೆಸರು ಎಲ್ಲೂ ಬರುವುದಿಲ್ಲ, ಬರೀ ನಂಬರ್ ಇರುತ್ತದೆ’ ಎಂದು ಸಮೀಕ್ಷೆಗೆ ಬಂದವರು ಹೇಳಿದರೆ ನಾವು ನಿಶ್ಚಿಂತರಾಗುತ್ತೇವೆ. ಈ ನಂಬಿಕೆ ಎಷ್ಟು ಸರಿ?

2020ರ ಕೋವಿಡ್ ದಿನಗಳನ್ನು ನೆನಪಿಸಿಕೊಳ್ಳೋಣ. ರಾಜ್ಯ ಆರೋಗ್ಯ ಇಲಾಖೆಯ ದೈನಂದಿನ ವರದಿಯಲ್ಲಿ ಸೋಂಕಿತರ ಹೆಸರಿರಲಿಲ್ಲ. ‘ಪಿ’ ಅಕ್ಷರದ ಜೊತೆ ಒಂದು ಸಂಖ್ಯೆ, ವಯಸ್ಸು, ಲಿಂಗ, ಜಿಲ್ಲೆ, ಪ್ರಯಾಣದ ವಿವರ ಇರುತ್ತಿದ್ದವು. ಆ ಮೇ ತಿಂಗಳಲ್ಲಿ ಹಾಸನ ಜಿಲ್ಲೆಯ ಮೊದಲ ಪ್ರಕರಣಗಳು ವರದಿಯಾದಾಗ, ಅವರು ಮುಂಬೈಯಿಂದ ಚನ್ನರಾಯಪಟ್ಟಣ ತಾಲ್ಲೂಕಿಗೆ ಮರಳಿದವರೆಂದೂ ಸುದ್ದಿಯಾಯಿತು. ಬೆಂಗಳೂರಿನಲ್ಲಿ ಇಷ್ಟು ವಿವರದಿಂದ ಒಬ್ಬರನ್ನು ಹುಡುಕುವುದು ಕಷ್ಟ. ಆದರೆ ಇದೇ ತಾಲ್ಲೂಕಿನ ಬಾಗೂರಿನಂಥ ಊರಲ್ಲಿ ಮುಂಬೈಯಿಂದ ಯಾರ ಮನೆಗೆ ಯಾರು ಬಂದರೆಂಬುದು ಬೀದಿಗೆಲ್ಲ ಗೊತ್ತಿರುತ್ತದೆ. ಊರು ಚಿಕ್ಕದಾದಷ್ಟೂ ಗುರುತು ಹಿಡಿಯಲು ಬೇಕಾಗುವ ವಿವರ ಕಡಿಮೆ.

ದೊಡ್ಡ ಊರಿನವರು ಸುರಕ್ಷಿತರೇ? ಹಾಗೇನಿಲ್ಲ. ಅಮೆರಿಕದ ಸಂಶೋಧಕಿ ಲಟಾನ್ಯಾ ಸ್ವೀನಿ 1990ರ ದಶಕದಲ್ಲಿ ಹೆಸರು ತೆಗೆದ ಆಸ್ಪತ್ರೆ ದಾಖಲೆಗಳನ್ನು ಮತದಾರರ ಪಟ್ಟಿಯೊಂದಿಗೆ ತಾಳೆ ಹಾಕಿ, ಮ್ಯಾಸಚೂಸೆಟ್ಸ್ ರಾಜ್ಯದ ಗವರ್ನರ್ ಅವರ ದಾಖಲೆಯನ್ನೇ ಪತ್ತೆ ಮಾಡಿದರು. ಅದಕ್ಕೆ ಹುಟ್ಟಿದ ದಿನಾಂಕ, ಲಿಂಗ, ಪಿನ್‌ಕೋಡ್ ಸಾಕಾದವು. 2013ರ ಇನ್ನೊಂದು ಅಧ್ಯಯನ 15 ಲಕ್ಷ ಜನರ ಮೊಬೈಲ್ ಮಾಹಿತಿಯನ್ನು ಪರಿಶೀಲಿಸಿತು. ಒಬ್ಬರು ಯಾವಾಗ ಎಲ್ಲಿದ್ದರು ಎಂಬ ನಾಲ್ಕು ವಿವರ ಸಿಕ್ಕರೆ ಶೇ. 95ರಷ್ಟು ಜನರ ದಾಖಲೆಯನ್ನು ಉಳಿದವರದರಿಂದ ಬೇರ್ಪಡಿಸಬಹುದೆಂದು ಅದು ತೋರಿಸಿತು.

ಕಾರಣ ಸರಳ. ವಯಸ್ಸು, ಊರು, ಕೆಲಸ ಬಿಡಿಯಾಗಿ ನೂರಾರು ಜನರಿಗೆ ಹೊಂದುತ್ತವೆ. ಒಟ್ಟಿಗೆ ಸೇರಿದರೆ ಒಬ್ಬರಿಗೆ ಮಾತ್ರ ಹೊಂದಬಹುದು. ನಮ್ಮಲ್ಲೂ ಹೆಸರು, ವಯಸ್ಸು, ಮನೆ ಸಂಖ್ಯೆ ಇರುವ ಮತದಾರರ ಪಟ್ಟಿ ಯಾರಿಗೆ ಬೇಕಾದರೂ ಸಿಗುತ್ತದೆ. ಎಚ್‌ಐವಿ, ಕ್ಷಯ, ಮಾನಸಿಕ ಕಾಯಿಲೆಯ ದಾಖಲೆ ಹೀಗೆ ಬಯಲಾದರೆ ಮದುವೆ ಮಾತುಕತೆ ಮುರಿಯಬಹುದು, ಕೆಲಸ ಹೋಗಬಹುದು. ಆ ಭಯಕ್ಕೆ ಕೆಲವರು ಪರೀಕ್ಷೆಗೇ ಬರದಿರಬಹುದು.

ಹಾಗೆಂದು ಮಾಹಿತಿ ಕೊಡುವುದನ್ನೇ ನಿಲ್ಲಿಸಬೇಕಿಲ್ಲ. ರೋಗ ತಡೆಯಲು ಅಂಕಿ-ಅಂಶ ಬೇಕೇ ಬೇಕು. ಪ್ರಕಟಿಸುವವರು 43 ಎನ್ನುವ ಬದಲು ‘40ರಿಂದ 50’ ಎನ್ನಬಹುದು, ಊರಿನ ಬದಲು ಜಿಲ್ಲೆ ಹೇಳಬಹುದು, ಒಂದೆರಡೇ ಪ್ರಕರಣಗಳಿರುವ ಕಡೆ ವಿವರ ಕೈಬಿಡಬಹುದು. ಭಾರತದ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ವ್ಯಾಖ್ಯೆಯಲ್ಲೂ ಮುಖ್ಯವಾಗುವುದು ಹೆಸರಲ್ಲ. ಆ ಮಾಹಿತಿಯಿಂದ ವ್ಯಕ್ತಿಯನ್ನು ಗುರುತಿಸಬಹುದೇ ಎಂಬುದು.

ಮುಂದಿನ ಬಾರಿ ಯಾರಾದರೂ ‘ಹೆಸರು ಹಾಕುವುದಿಲ್ಲ’ ಎಂದಾಗ ನಾವು ಕೇಳಬೇಕಾದ್ದು ಒಂದೇ: ‘ಸರಿ, ಹೆಸರು ಬಿಟ್ಟು ಇನ್ನೇನೇನು ಹಾಕುತ್ತೀರಿ?’