ದ್ವೀಪದಲ್ಲಿ ಧಾರೆ

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದ ಹಿರಿಯರು ಹಡಗು ಹತ್ತಿ ನೋಡು ಎಂಬ ಮಾತನ್ನು ಅದಕ್ಕೆ ಸೇರಿಸಲಿಲ್ಲ. ಸೇರಿಸುವ ಅಗತ್ಯ ಅವರಿಗೆ ಬೀಳಲಿಲ್ಲ. ಅವರ ಕಾಲಕ್ಕೆ ಮದುವೆಯೆಂಬುದು ಹೆಣ್ಣಿನ ಮನೆಯ ಮುಂದಿನ ಹಸಿರು ಚಪ್ಪರದಲ್ಲಿ ನಡೆಯುತ್ತಿತ್ತು. ಆ ಬಳಿಕ ಅದು ಛತ್ರವನ್ನು ಸೇರಿತು. ಛತ್ರದಿಂದ ಕಲ್ಯಾಣ ಮಂಟಪಕ್ಕೆ ಏರಿತು. ಈಗ ಮಂಟಪದ ಬಾಗಿಲನ್ನೂ ದಾಟಿ, ಊರನ್ನು ಬಿಟ್ಟು, ಸಮುದ್ರದ ನಡುವಿನ ದ್ವೀಪವೊಂದರ ಮರಳಿನ ಮೇಲೆ ಹಸೆ ಹಾಸಲು ಹೊರಟಿದೆ.

ಈ ಆಸೆಯನ್ನು ಕಂಡು ನಗುವುದು ಸುಲಭ. ಆದರೆ ಅದು ನ್ಯಾಯವಲ್ಲ. ಸಾವಿರ ಜನ ಸೇರಿದ ಮಂಟಪದಲ್ಲಿ, ಊಟಕ್ಕೆ ಕುಳಿತವನ ಬೆನ್ನ ಹಿಂದೆ ಮುಂದಿನ ಪಂಕ್ತಿಯವನು ನಿಂತು ಅವನ ಎಲೆಯನ್ನೇ ದಿಟ್ಟಿಸುವ ಸುಖವನ್ನು ಅನುಭವಿಸದವರು ಯಾರು? ಆರತಕ್ಷತೆಯ ಸಂಜೆ ಮೂರು ಗಂಟೆಗಳ ಕಾಲ ನಿಂತೇ ಇದ್ದು, ಗುರುತಿಲ್ಲದ ಮುಖಗಳಿಗೆಲ್ಲ ಕೈಮುಗಿದು, ಕೊನೆಗೆ ತಣ್ಣಗಾದ ಅನ್ನದ ಮುಂದೆ ಕೂರುವ ವಧೂವರರ ಪಾಡನ್ನು ಕಾಣದವರು ಯಾರು? ಹತ್ತಿರದವರೇ ಐವತ್ತು ಮಂದಿ, ತಲೆಯ ಮೇಲೆ ಆಕಾಶ, ಕಿವಿಗೆ ಅಲೆಯ ಸದ್ದು, ಮಾತಿಗೆ ಬಿಡುವು - ಇಷ್ಟನ್ನು ಎಳೆಯ ಜೀವಗಳೆರಡು ಬಯಸಿದರೆ ಅದರಲ್ಲಿ ತಪ್ಪೇನೂ ಇಲ್ಲ. ಆದರೆ ನಿರಾಳವೆಂಬುದು ದ್ವೀಪದಲ್ಲಿ ತಾನಾಗಿ ಬೆಳೆಯುವ ಪದಾರ್ಥವಲ್ಲ. ತೆಂಗು ಅಡಿಕೆಗಳು ಅಲ್ಲಿ ಬೆಳೆಯುತ್ತವೆ. ನಿರಾಳವನ್ನು ಮಾತ್ರ ಆರು ತಿಂಗಳು ಮೊದಲೇ ಲೆಕ್ಕ ಹಾಕಿ ಊರಿನಿಂದಲೇ ಹೊತ್ತೊಯ್ಯಬೇಕಾಗುತ್ತದೆ.

ಬೆಂಗಳೂರಿನ ಬಸವನಗುಡಿಯಲ್ಲಿ ಒಂದು ಮನೆ ಎಂದಿಟ್ಟುಕೊಳ್ಳಿ. ತಂದೆ ನಿವೃತ್ತಿಯ ಅಂಚಿನಲ್ಲಿರುವ ಅಧಿಕಾರಿ, ತಾಯಿ ಶಾಲೆಯ ಉಪಾಧ್ಯಾಯಿನಿ, ಒಬ್ಬಳೇ ಮಗಳು, ಎಂಬತ್ತನಾಲ್ಕು ವರ್ಷದ ಅಜ್ಜಿ. ಮಗಳಿಗೆ ಗಂಡು ಗೊತ್ತಾಗಿದೆ, ಎರಡೂ ಕಡೆ ಒಪ್ಪಿಗೆಯಾಗಿದೆ. ಮದುವೆ ಅಂಡಮಾನಿನ ಸ್ವರಾಜ್ ದ್ವೀಪದಲ್ಲಿ ಆಗತಕ್ಕುದೆಂದು ಹುಡುಗ ಹುಡುಗಿ ಇಬ್ಬರೂ ನಿಶ್ಚಯಿಸಿದ್ದಾರೆ. ಹ್ಯಾವ್‌ಲಾಕ್ ಎಂಬ ಆಂಗ್ಲ ಸೇನಾಧಿಪತಿಯ ಹೆಸರನ್ನು ಹೊತ್ತಿದ್ದ ಈ ದ್ವೀಪಕ್ಕೆ ಸ್ವರಾಜ್ ಎಂಬ ಹೆಸರು ಬಂದದ್ದು 2018ರ ಡಿಸೆಂಬರಿನಲ್ಲಿ. ದೇಶ ವಿಭಜನೆಯ ತರುವಾಯ ಪೂರ್ವ ಬಂಗಾಳದಿಂದ ನಿರಾಶ್ರಿತರಾಗಿ ಬಂದವರು ಕಟ್ಟಿಕೊಂಡ ಊರುಗಳು ಅಲ್ಲಿವೆ. ಅವರು ಅವುಗಳಿಗೆ ಗೋವಿಂದನಗರ, ಶ್ಯಾಮನಗರ, ಕೃಷ್ಣನಗರ, ರಾಧಾನಗರ ಎಂದು ಹೆಸರಿಟ್ಟರು. ರಾಧಾನಗರದ ಕಡಲ ತೀರವನ್ನು 2004ರಲ್ಲಿ ‘ಟೈಮ್’ ಪತ್ರಿಕೆ ಏಷ್ಯಾದಲ್ಲೇ ಶ್ರೇಷ್ಠವೆಂದು ಕೊಂಡಾಡಿತು. ಲಕ್ಷದ್ವೀಪಕ್ಕೆ ಹೋಗಲು ಪ್ರವೇಶದ ಅನುಮತಿಪತ್ರ ಬೇಕು. ಇಲ್ಲಿಗೆ ಭಾರತೀಯರಿಗೆ ಅದು ಬೇಕಿಲ್ಲ. ಇಷ್ಟು ಕೇಳಿದ ಮೇಲೆ ತಂದೆ ಅರ್ಧ ಒಪ್ಪಿದರು. ತಾಯಿ ಸೀರೆಗಳ ಯೋಚನೆಗೆ ಇಳಿದರು. ಪ್ರಶ್ನೆ ಕೇಳಿದವರು ಅಜ್ಜಿ ಒಬ್ಬರೇ.

“ಅಲ್ಲವೇ ಮಗು, ಅಲ್ಲಿ ಸೂರ್ಯ ಎಷ್ಟು ಹೊತ್ತಿಗೆ ಹುಟ್ಟುತ್ತಾನೆ?”

ಎಲ್ಲರೂ ನಕ್ಕರು. ಆದರೆ ಅದು ನಗುವ ಪ್ರಶ್ನೆಯಾಗಿರಲಿಲ್ಲ. ಭಾರತದ ಗಡಿಯಾರ ಎಂಬತ್ತೆರಡೂವರೆ ಡಿಗ್ರಿ ರೇಖಾಂಶಕ್ಕೆ ಹೊಂದಿಸಿದ್ದು. ಬೆಂಗಳೂರು ಅದಕ್ಕೆ ಪಶ್ಚಿಮದಲ್ಲಿದೆ. ಸ್ವರಾಜ್ ದ್ವೀಪ ತೊಂಬತ್ತಮೂರನೆಯ ಡಿಗ್ರಿಯ ಬಳಿ, ಬಹು ಪೂರ್ವದಲ್ಲಿದೆ. ಎರಡಕ್ಕೂ ನಡುವೆ ಹದಿನೈದು ಡಿಗ್ರಿಗಿಂತ ಸ್ವಲ್ಪ ಹೆಚ್ಚು ಅಂತರ. ಡಿಗ್ರಿಗೆ ನಾಲ್ಕು ನಿಮಿಷದಂತೆ ಒಂದು ಗಂಟೆಯ ಮೇಲೆ ಒಂದೆರಡು ನಿಮಿಷ. ಗಡಿಯಾರ ಒಂದೇ, ಸೂರ್ಯ ಮಾತ್ರ ಅಲ್ಲಿ ಒಂದು ಗಂಟೆ ಮೊದಲು. ಆದುದರಿಂದ ಬೆಂಗಳೂರಿನ ಪಂಚಾಂಗವನ್ನು ನೋಡಿ ಮುಹೂರ್ತವಿಟ್ಟು ಅಲ್ಲಿ ಹಸೆಯ ಮೇಲೆ ಕುಳಿತರೆ, ಪುರೋಹಿತರು ಹೇಳಿದ ಲಗ್ನವು ಒಂದು ಗಂಟೆ ಮೊದಲೇ ಬಂದು ಹೋಗಿರುತ್ತದೆ! ತಿಥಿ ನಕ್ಷತ್ರಗಳು ಮುಗಿಯುವ ಕ್ಷಣ ಎಲ್ಲೆಡೆಯೂ ಒಂದೇ. ಲಗ್ನವಾದರೋ ಆಯಾ ಊರಿನ ದಿಗಂತವನ್ನು ಅವಲಂಬಿಸಿದ್ದು. ರಾಹುಕಾಲವೂ ಹಾಗೆಯೇ. ಬೆಂಗಳೂರಿನಲ್ಲಿ ಸುಮಾರು 12.20ಕ್ಕೆ ಬರುವ ನಡುಹಗಲು ಅಲ್ಲಿ 11.20ರ ಸುಮಾರಿಗೇ ಬರುತ್ತದೆ. ಡಿಸೆಂಬರಿನ ಮೊದಲಲ್ಲಿ ಸಂಜೆ ಐದಾಗುವ ಮುನ್ನವೇ ಸೂರ್ಯಾಸ್ತ. ಗೋಧೂಳಿ ಲಗ್ನವೆಂದು ಆರು ಗಂಟೆಗೆ ಕರೆಯೋಲೆ ಕೊಟ್ಟರೆ ಬಂದವರು ದೀಪ ಹಿಡಿದುಕೊಂಡೇ ಬರಬೇಕಾಗುತ್ತದೆ. ಮುಹೂರ್ತವನ್ನು ಆ ಸ್ಥಳಕ್ಕೇ ಗಣಿಸಿ ಕೊಡಬೇಕೆಂದು ಜ್ಯೋತಿಷಿಗಳನ್ನು ಕೇಳುವುದು ಮೊದಲನೆಯ ಕೆಲಸ.

“ಹೋಗುವುದು ಹೇಗೆ?” ಎಂಬುದು ಅಜ್ಜಿಯ ಎರಡನೆಯ ಪ್ರಶ್ನೆ. ಶ್ರೀವಿಜಯಪುರಂವರೆಗೆ ವಿಮಾನ. ಪೋರ್ಟ್ ಬ್ಲೇರ್ ನಗರಕ್ಕೆ 2024ರ ಸೆಪ್ಟೆಂಬರಿನಲ್ಲಿ ಇಟ್ಟ ಹೆಸರು ಅದು. ಅಲ್ಲಿಂದ ಮುಂದೆ ದೋಣಿಯೇ ಗತಿ. ಖಾಸಗಿಯವರ ವೇಗದ ನೌಕೆಗೆ ಒಂದೂವರೆ ಗಂಟೆ, ಸರ್ಕಾರದ ನೌಕೆಗೆ ಎರಡೂವರೆ ಗಂಟೆಯ ಸುಮಾರು. ಸಮುದ್ರ ಕೆರಳಿದ ದಿನ ನೌಕೆ ಹೊರಡುವುದಿಲ್ಲ. 2016ರ ಡಿಸೆಂಬರಿನಲ್ಲಿ ಬಂಗಾಳ ಕೊಲ್ಲಿಯಲ್ಲಿ ವಾಯುಭಾರ ಕುಸಿದಾಗ ಸಾವಿರಕ್ಕೂ ಹೆಚ್ಚು ಪ್ರವಾಸಿಗಳು ಈ ದ್ವೀಪದಲ್ಲೂ ನೆರೆಯ ನೀಲ್ ದ್ವೀಪದಲ್ಲೂ ಸಿಕ್ಕಿಬಿದ್ದು, ನೌಕಾಪಡೆಯ ಹಡಗುಗಳು ಹೋಗಿ ಅವರನ್ನು ಕರೆತರಬೇಕಾಯಿತು. ಅಂಥ ದಿನ ವರ ದ್ವೀಪದಲ್ಲಿ, ವಧು ಶ್ರೀವಿಜಯಪುರದಲ್ಲಿ ಉಳಿದರೆ ಅಂತರ್ಪಟವನ್ನು ಸಮುದ್ರವೇ ಹಿಡಿದಂತಾಗುವುದು! ಮೇ ತಿಂಗಳ ಮೂರನೆಯ ವಾರಕ್ಕೇ ಅಲ್ಲಿ ಮುಂಗಾರು ಕಾಲಿಡುತ್ತದೆ. ನವೆಂಬರ್ ಡಿಸೆಂಬರುಗಳಲ್ಲಿ ಚಂಡಮಾರುತದ ಭಯ. ಜನವರಿಯಿಂದ ಏಪ್ರಿಲಿನವರೆಗಿನ ಕಾಲವೇ ನೆಚ್ಚತಕ್ಕುದು. ಆಗಲೂ ಮುಹೂರ್ತಕ್ಕೆ ಕನಿಷ್ಠ ಎರಡು ದಿನ ಮೊದಲೇ ದ್ವೀಪವನ್ನು ಸೇರಿರಬೇಕು. ಹಿಂದಿರುಗುವಾಗ ನೌಕೆಗೂ ವಿಮಾನಕ್ಕೂ ನಡುವೆ ಒಂದು ರಾತ್ರಿಯ ಅವಕಾಶವಿರಬೇಕು.

ಇನ್ನು ಚಪ್ಪರದ ಜಾಗ. ಪಟದಲ್ಲಿ ಕಾಣುವ ಕಡಲು ಸದಾ ಒಂದೇ ಎಡೆಯಲ್ಲಿರುತ್ತದೆ. ನಿಜವಾದ ಕಡಲು ದಿನಕ್ಕೆ ಎರಡು ಬಾರಿ ಏರುತ್ತದೆ, ಎರಡು ಬಾರಿ ಇಳಿಯುತ್ತದೆ, ದಿನದಿನಕ್ಕೂ ಸುಮಾರು ಐವತ್ತು ನಿಮಿಷ ತಡವಾಗುತ್ತ ಹೋಗುತ್ತದೆ. ಹುಣ್ಣಿಮೆ ಅಮಾವಾಸ್ಯೆಗಳ ಸುತ್ತ ಭರತವೂ ದೊಡ್ಡದು, ಇಳಿತವೂ ದೊಡ್ಡದು. ಬೆಳದಿಂಗಳ ಮದುವೆಯನ್ನು ಬಯಸುವವರು ಇದನ್ನು ಮರೆಯಲಾಗದು. ರಾಧಾನಗರ ಪಡುವಣ ತೀರದಲ್ಲಿದೆ. ಸಂಜೆಯ ಕಾರ್ಯಕ್ಕೆ ಅದು ಚೆಲುವು. ಮೂಡಣ ತೀರದಲ್ಲಿ ಸೂರ್ಯೋದಯ ಸೊಗಸು. ಆದರೆ ಇಳಿತದ ಹೊತ್ತಿಗೆ ನೀರು ಬಹುದೂರ ಸರಿದು ಹವಳದ ಕಲ್ಲುಗಳ ಹರಹು ಮಾತ್ರ ಕಣ್ಣಿಗೆ ಬೀಳುತ್ತದೆ. ಭರತ ಇಳಿತಗಳ ಪಟ್ಟಿಯನ್ನು ಪಂಚಾಂಗದ ಪಕ್ಕದಲ್ಲಿಟ್ಟುಕೊಂಡು ನೋಡಿದರೆ ಎರಡಕ್ಕೂ ಒಪ್ಪುವ ಗಳಿಗೆ ಸಿಕ್ಕೀತು. ತೀರವು ಸಾರ್ವಜನಿಕರದು, ಅಲ್ಲಿ ಕಂಬ ನೆಡಲು, ಹೋಮದ ಬೆಂಕಿ ಹಾಕಲು ಅಧಿಕಾರಿಗಳ ಅಪ್ಪಣೆ ಬೇಕು. ವಸತಿಗೃಹದವರ ತೆಂಗಿನ ತೋಟವೇ ಇದಕ್ಕಿಂತ ಸುಲಭ. ಕಡಲ ಗಾಳಿಗೆ ಹೋಮಾಗ್ನಿ ಆರದಂತೆ ಅಲ್ಲಿ ಮರೆಯೂ ಸಿಗುತ್ತದೆ.

ಸಾಮಾನಿನ ಪಟ್ಟಿ ಬರೆಯಲು ಕುಳಿತಾಗ ತಾಯಿಗೂ ಕಷ್ಟ ತಿಳಿಯಿತು. ವಿಮಾನದಲ್ಲಿ ತಲೆಗೆ ಸಾಮಾನ್ಯವಾಗಿ 15 ಕಿಲೋ ಸಾಮಾನು. ಕರ್ಪೂರವನ್ನೂ ಬೆಂಕಿಪೆಟ್ಟಿಗೆಯ ಕಟ್ಟನ್ನೂ ಒಯ್ಯುವಂತಿಲ್ಲ. ಒಣಕೊಬ್ಬರಿಯೂ ಎಣ್ಣೆಯಂಶದಿಂದ ಬೆಂಕಿಗೆ ಎಡೆಗೊಡುವ ಪದಾರ್ಥವೆಂದು ನಿಷಿದ್ಧ. ಕೊಬ್ಬರಿ ಬಟ್ಟಲಿಲ್ಲದ ಕನ್ನಡ ಮದುವೆಯನ್ನು ಯಾರು ಕಂಡಿದ್ದಾರೆ! ಇವನ್ನೆಲ್ಲ ಶ್ರೀವಿಜಯಪುರದ ಅಂಗಡಿಗಳಲ್ಲೇ ಕೊಳ್ಳಬೇಕು. ತಮಿಳರೂ ತೆಲುಗರೂ ಬಂಗಾಳಿಗಳೂ ನೆಲೆಸಿದ ಊರಾದುದರಿಂದ ಪೂಜಾ ಸಾಮಗ್ರಿಗೆ ಬರವಿಲ್ಲ. ಬಾಳೆಯೆಲೆ, ಎಳನೀರು, ಮೀನು ದ್ವೀಪದಲ್ಲೇ ಉಂಟು. ಮೀನು ಸಸ್ಯಾಹಾರಿ ಬೀಗರಿಗೆ ನಿಷ್ಪ್ರಯೋಜಕ. ಸಾರಿಗೆ ಬೇಕಾದ ಬೇಳೆ, ಹೋಳಿಗೆಗೆ ಬೇಕಾದ ಬೆಲ್ಲ ಹಡಗಿನಲ್ಲಿ ಬಂದವು. ಹಡಗು ತಡವಾದರೆ ಬೆಲೆ ಏರುತ್ತದೆ. ಆದುದರಿಂದ ಅಡುಗೆ ನಾಲ್ಕೈದು ಬಗೆಗೆ ನಿಲ್ಲುವುದೇ ಜಾಣತನ. 2022ರ ಜುಲೈಯಿಂದ ದೇಶದಲ್ಲೆಲ್ಲ ಪ್ಲಾಸ್ಟಿಕ್ಕಿನ ತಟ್ಟೆ ಲೋಟಗಳೂ ಅಲಂಕಾರದ ಥರ್ಮೊಕೋಲೂ ನಿಷಿದ್ಧವಾಗಿವೆ. ಸಣ್ಣ ದ್ವೀಪದಲ್ಲಿ ಎಸೆದ ಕಸಕ್ಕೆ ಹೋಗಲು ಬೇರೆ ಎಡೆಯಿಲ್ಲವೆಂಬುದನ್ನು ಕಾನೂನು ಹೇಳದಿದ್ದರೂ ಅರಿಯಬಹುದು. ನೆನಪಿಗೆಂದು ಹವಳದ ತುಂಡನ್ನು ಚೀಲಕ್ಕೆ ಸೇರಿಸುವುದು ವನ್ಯಜೀವಿ ಸಂರಕ್ಷಣೆಯ ಕಾಯಿದೆಗೆ ವಿರುದ್ಧ.

ಕಾನೂನಿನ ಮಾತು ಬಂದುದರಿಂದ ಇನ್ನೊಂದು ಮಾತು. 1954ರ ವಿಶೇಷ ವಿವಾಹ ಕಾಯಿದೆಯಂತೆ ಮದುವೆಯಾಗುವವರು, ಇಬ್ಬರಲ್ಲಿ ಒಬ್ಬರಾದರೂ ಹಿಂದಿನ ಮೂವತ್ತು ದಿನ ವಾಸವಾಗಿರುವ ಜಿಲ್ಲೆಯಲ್ಲೇ ನೋಟೀಸು ಕೊಡಬೇಕು. ಆಕ್ಷೇಪಣೆಗೆಂದು ಮತ್ತೆ ಮೂವತ್ತು ದಿನ ಕಾಯಬೇಕು. ನಾಲ್ಕು ದಿನದ ಯಾತ್ರೆಯಲ್ಲಿ ಇದು ನಡೆಯುವಂತಿಲ್ಲ. 1955ರ ಹಿಂದೂ ವಿವಾಹ ಕಾಯಿದೆಯಂತಾದರೆ, ಸಪ್ತಪದಿಯುಳ್ಳ ಸಂಪ್ರದಾಯದಲ್ಲಿ ಏಳನೆಯ ಹೆಜ್ಜೆಗೆ ಮದುವೆ ಪೂರ್ಣ. ಶಾಸ್ತ್ರವನ್ನು ಬಿಟ್ಟು ಪ್ರಮಾಣಪತ್ರ ಒಂದನ್ನೇ ಪಡೆದರೆ ಅದು ಹಿಂದೂ ವಿವಾಹವಾಗದೆಂದು ಸರ್ವೋಚ್ಚ ನ್ಯಾಯಾಲಯ 2024ರ ಏಪ್ರಿಲಿನಲ್ಲಿ ಹೇಳಿದೆ. ಮರಳಿನ ಮೇಲೆ ಹೂಮಾಲೆ ಬದಲಿಸಿ ಪಟ ತೆಗೆಸಿಕೊಂಡು ಬಂದವರು ಇದನ್ನು ಗಮನಿಸುವುದು ಒಳ್ಳೆಯದು.

ಹೀಗೆ ಎಲ್ಲಕ್ಕೂ ಉತ್ತರ ದೊರೆಯಿತು. ಕೊನೆಗೆ ಮಗಳು ಕರೆಯಬೇಕಾದವರ ಪಟ್ಟಿ ಬರೆದಳು. ಐವತ್ತು ಹೆಸರುಗಳಲ್ಲಿ ಹನ್ನೊಂದು ಎಪ್ಪತ್ತು ದಾಟಿದವರವು. ಅವರಲ್ಲಿ ಮೊದಲನೆಯದು ಅಜ್ಜಿಯದು.

“ನನಗೋಸ್ಕರ ನಿಲ್ಲಿಸಬೇಡಿ. ಇಲ್ಲೇ ಕೂತು ಅಕ್ಷತೆ ಹಾಕುತ್ತೇನೆ,” ಎಂದರು ಅಜ್ಜಿ.

ಹಿರಿಯರ ಬಾಯಿಂದ ಬರುವ ಈ ಮಾತನ್ನು ಅನುಮತಿಯೆಂದು ತಿಳಿಯುವ ಮನೆಗಳು ಅನೇಕ. ಅದು ಅನುಮತಿಯಲ್ಲ, ಭಾರವಾಗಬಾರದೆಂಬ ಸಂಕೋಚ. ಅಲುಗಾಡುವ ಹಲಗೆಯ ಮೇಲೆ ನಡೆದು ದೋಣಿ ಹತ್ತಲು ಅವರ ಮೊಣಕಾಲು ಒಪ್ಪದು. ಹತ್ತಿದರೂ, ಎದೆನೋವು ಬಂದರೆ ದೊಡ್ಡ ಆಸ್ಪತ್ರೆ ಇರುವುದು ಕಡಲಾಚೆಯ ಶ್ರೀವಿಜಯಪುರದಲ್ಲಿ. ಇದು ವೈದ್ಯರೂ ಹೇಳಿದ ಮಾತು. ಸಾಲ ಮಾಡಿ ವಿಮಾನದ ಚೀಟಿ ಕೊಳ್ಳಬೇಕಾದ ಸೋದರತ್ತೆಯ ಸಂಸಾರವೂ ಆ ಪಟ್ಟಿಯಲ್ಲಿತ್ತು. ಕರೆಯುವವರಿಗೆ ಅದು ಆದರದ ಕರೆ. ಅವರ ಪಾಲಿಗೆ ಪರೀಕ್ಷೆ. ಸ್ಥಳವನ್ನು ಮೊದಲು ಗೊತ್ತುಮಾಡಿ ಅದಕ್ಕೆ ತಕ್ಕ ಜನರನ್ನು ಆರಿಸುವುದು ತಲೆಕೆಳಗಾದ ಕ್ರಮ. ಯಾರಿಲ್ಲದೆ ಧಾರೆ ನಡೆಯಬಾರದೋ ಅವರ ಹೆಸರುಗಳನ್ನು ಮೊದಲು ಬರೆದು, ಅವರ ಕಾಲು ಎಲ್ಲಿಯವರೆಗೆ ನಡೆಯಬಲ್ಲುದೋ ಅಲ್ಲಿ ಹಸೆ ಹಾಕಬೇಕು.

ಬೇರೊಂದು ಮನೆಯಲ್ಲಿ ಹಿರಿಯರೆಲ್ಲ ಗಟ್ಟಿಮುಟ್ಟಾಗಿದ್ದು, ನೆಂಟರ ಪ್ರಯಾಣದ ಖರ್ಚನ್ನು ಹೊರಲು ಮನೆಯವರು ಶಕ್ತರಾಗಿದ್ದರೆ, ದ್ವೀಪದಲ್ಲೇ ಧಾರೆಯಾಗಲಿ. ಊರಿಗೆ ಬಂದು ಆರತಕ್ಷತೆ ಮಾಡಲಿ. ಬಸವನಗುಡಿಯ ಹುಡುಗಿ ಮಾತ್ರ ಎರಡು ದಿನ ಯೋಚಿಸಿ ಪಟ್ಟಿಯನ್ನು ಎರಡಾಗಿ ಬರೆದಳು. ಧಾರೆ ಮನೆಯ ಮುಂದಿನ ಹಸಿರು ಚಪ್ಪರದಲ್ಲಿ, ಐವತ್ತೇ ಮಂದಿಯ ನಡುವೆ, ಬೆಂಗಳೂರಿನ ಪಂಚಾಂಗದಂತೆ. ಅದಾದ ವಾರಕ್ಕೆ ತಂದೆತಾಯಿಯರೂ ಗೆಳೆಯ ಗೆಳತಿಯರೂ ಸೇರಿ ಹದಿನಾರು ಜನ ದ್ವೀಪಕ್ಕೆ. ಅಲ್ಲಿ ತೆಂಗಿನ ತೋಟದಲ್ಲಿ ಒಂದು ಸಂಜೆಯ ಊಟ, ಹಾಡು, ಹರಟೆ. ದೋಣಿ ನಿಂತರೂ ಕೆಡುವ ಮುಹೂರ್ತವಿಲ್ಲ. ಬಯಸಿದ ನಿರಾಳ ಹೀಗೆ ಎರಡು ಕಡೆಯೂ ದೊರೆತಂತಾಯಿತು.

ಪಟ್ಟಿಯನ್ನು ಓದಿಸಿ ಕೇಳಿದ ಅಜ್ಜಿ ಕನ್ನಡಕ ತೆಗೆದು ಒರೆಸಿಕೊಂಡರು. ಬಳಿಕ, “ಜೀರಿಗೆ ಬೆಲ್ಲ ಇಲ್ಲಿ ಆಗಲಿ. ಮರಳಿನ ಮನೆ ಅಲ್ಲಿ ಕಟ್ಟಿಕೊಳ್ಳಿ. ಚಪ್ಪರಕ್ಕೆ ಮಾವಿನ ಸೊಪ್ಪು ತರುವವನಿಗೆ ಈಗಲೇ ಹೇಳಿರಿ,” ಎಂದರು.