ಜಾವಾನೋ, ಪೈಥಾನೋ: ಮೊದಲ ಲ್ಯಾಂಗ್ವೇಜ್ ಆರಿಸುವ ಮುನ್ನ

ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಪ್ಲೇಸ್‌ಮೆಂಟ್ ಮಾತು ಶುರುವಾಯಿತೆಂದರೆ ಮಕ್ಕಳೂ ಅವರ ಅಪ್ಪ ಅಮ್ಮಂದಿರೂ ಕೇಳುವುದು ಒಂದೇ ಪ್ರಶ್ನೆ: ಯಾವ ಲ್ಯಾಂಗ್ವೇಜ್ ಕಲಿತರೆ ಕೆಲಸ ಗ್ಯಾರಂಟಿ? ಸಾಲ ಮಾಡಿ ಓದಿಸಿದವರು ಇದನ್ನು ಕೇಳಲೇಬೇಕು. ಆದರೆ ಇದಕ್ಕೆ ಒಂದೇ ಹೆಸರನ್ನು ಉತ್ತರವಾಗಿ ಹೇಳಿ ಫೀಸು ಕಟ್ಟಿಸಿಕೊಳ್ಳುವವರನ್ನು ನಂಬಬಾರದು.

ಇಷ್ಟೊಂದು ಲ್ಯಾಂಗ್ವೇಜುಗಳು ಯಾಕಿವೆ ಎಂದು ಮೊದಲು ನೋಡೋಣ. ಕಂಪ್ಯೂಟರಿನ ಪ್ರೊಸೆಸರಿಗೆ ಅರ್ಥವಾಗುವುದು ಅಂಕಿಗಳ ರೂಪದ ಆದೇಶಗಳು ಮಾತ್ರ. ಅವನ್ನು ಮನುಷ್ಯರು ನೇರವಾಗಿ ಬರೆಯುವುದು ಬಲು ಕಷ್ಟ. ಅದಕ್ಕೇ ನಾವು ಓದಬಲ್ಲ ರೂಪದಲ್ಲಿ ಬರೆದು, ಯಂತ್ರದ ಆದೇಶಗಳಾಗಿ ಬದಲಾಯಿಸುವ ಕೆಲಸವನ್ನು ಇನ್ನೊಂದು ಪ್ರೋಗ್ರಾಮಿಗೆ ಒಪ್ಪಿಸುತ್ತೇವೆ. 1957ರಲ್ಲಿ ಐಬಿಎಂನ ಜಾನ್ ಬ್ಯಾಕಸ್ ಮತ್ತು ತಂಡದವರು ತಂದ ಫೋರ್ಟ್ರಾನ್ ವಿಜ್ಞಾನಿಗಳ ಲೆಕ್ಕಾಚಾರಕ್ಕೆ ಹುಟ್ಟಿದ್ದು. ಅದರ ಬೆನ್ನಿಗೇ ಬಂದ ಕೋಬಾಲ್ ಸಂಬಳ, ಬಿಲ್ಲು, ಬ್ಯಾಂಕ್ ಖಾತೆಗಳ ಕೆಲಸಕ್ಕೆ. 1970ರ ದಶಕದ ಆರಂಭದಲ್ಲಿ ಬೆಲ್ ಲ್ಯಾಬ್ಸ್‌ನ ಡೆನಿಸ್ ರಿಚಿ ಸಿ ಲ್ಯಾಂಗ್ವೇಜನ್ನು ರೂಪಿಸಿದ್ದು ಯುನಿಕ್ಸ್ ಎಂಬ ಆಪರೇಟಿಂಗ್ ಸಿಸ್ಟಮಿಗಾಗಿ. ಯಂತ್ರಕ್ಕೆ ತೀರಾ ಹತ್ತಿರವಿದ್ದು ಕೆಲಸ ಮಾಡಬೇಕಾದ ಕಡೆ ಅದು ಇಂದಿಗೂ ಬೇಕು. 1995ರಲ್ಲಿ ಎರಡು ಬಂದವು. ಒಂದೇ ಪ್ರೋಗ್ರಾಮ್ ಯಾವ ಕಂಪ್ಯೂಟರಿನಲ್ಲಾದರೂ ಓಡಲಿ ಎಂದು ಸನ್ ಕಂಪನಿ ತಂದದ್ದು ಜಾವಾ. ವೆಬ್ ಪುಟಗಳಿಗೆ ಜೀವ ತುಂಬಲು ಬ್ರೌಸರ್ ಕಂಪನಿ ನೆಟ್‌ಸ್ಕೇಪ್‌ನ ಬ್ರೆಂಡನ್ ಐಕ್ ಹತ್ತೇ ದಿನಗಳಲ್ಲಿ ಮೊದಲ ರೂಪ ಕೊಟ್ಟದ್ದು ಜಾವಾಸ್ಕ್ರಿಪ್ಟ್. ಹೆಸರು ಹೋಲುತ್ತದೆ ಎಂಬುದು ಬಿಟ್ಟರೆ ಇವೆರಡಕ್ಕೂ ಹೆಚ್ಚಿನ ನಂಟಿಲ್ಲ.

ಹೀಗೆ ಪ್ರತಿಯೊಂದೂ ಯಾವುದೋ ಒಂದು ಕೆಲಸಕ್ಕಾಗಿ ಹುಟ್ಟಿದೆ. ಆದ್ದರಿಂದ ಹುಡುಗ ಅಥವಾ ಹುಡುಗಿ ಮೊದಲು ಆರಿಸಬೇಕಾದದ್ದು ಕೆಲಸವನ್ನು. ವಾಹನ, ಚಿಪ್, ವೈದ್ಯಕೀಯ ಉಪಕರಣಗಳ ಒಳಗೆ ಓಡುವ ಸಾಫ್ಟ್‌ವೇರ್ ಬರೆಯುವ ಆಸೆಯಿದ್ದರೆ ಸಿ ಮತ್ತು ಸಿ ಪ್ಲಸ್ ಪ್ಲಸ್. ಚಿಪ್ ಕಂಪನಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ 1985ರಲ್ಲಿ ಬೆಂಗಳೂರಿಗೆ ಬಂದಂದಿನಿಂದ ಈ ಬಗೆಯ ಕೆಲಸ ನಮ್ಮೂರಿನಲ್ಲಿದೆ. ಎಲೆಕ್ಟ್ರಾನಿಕ್ಸ್ ಓದಿದವರು ಇದನ್ನು ಬಿಟ್ಟು ವೆಬ್ಬಿನ ಕಡೆಗೇ ಓಡುವುದು ನನಗೆ ನಷ್ಟವಾಗಿಯೇ ಕಾಣುತ್ತದೆ. ಬ್ಯಾಂಕು, ವಿಮೆಯಂಥ ದೊಡ್ಡ ವ್ಯವಸ್ಥೆಗಳಿಗೆ ಜಾವಾ. ಡೇಟಾ ವಿಶ್ಲೇಷಣೆ, ಮಷೀನ್ ಲರ್ನಿಂಗ್ ಎಂದರೆ ಪೈಥಾನ್. ಬ್ರೌಸರಿನಲ್ಲಿ ಕಾಣುವುದಕ್ಕೆಲ್ಲ ಜಾವಾಸ್ಕ್ರಿಪ್ಟ್. ಇವುಗಳಲ್ಲಿ ಯಾವುದನ್ನು ಹಿಡಿದರೂ ಪಕ್ಕದಲ್ಲಿ ಎಸ್‌ಕ್ಯೂಎಲ್ ಬೇಕೇ ಬೇಕು. ಡೇಟಾಬೇಸ್‌ಗಳನ್ನು ಮಾತನಾಡಿಸುವ ಈ ಲ್ಯಾಂಗ್ವೇಜ್ 1970ರ ದಶಕದ್ದು. ಕೋಚಿಂಗ್ ಸೆಂಟರುಗಳ ಬೋರ್ಡುಗಳಲ್ಲಿ ಇದರ ಹೆಸರು ದೊಡ್ಡದಾಗಿ ಬರೆದಿರುವುದಿಲ್ಲ, ಆದರೆ ಇದಿಲ್ಲದ ಆಫೀಸು ಅಪರೂಪ.

ಕಲಿತದ್ದು ನಾಲ್ಕು ವರ್ಷಕ್ಕೆ ಹಳೆಯದಾದರೆ ಎಂಬ ಭಯ ಹಲವರಿಗಿದೆ. ಅಂಥವರು ಎರಡು ಉದಾಹರಣೆ ನೋಡಲಿ. 2020ರ ಏಪ್ರಿಲ್‌ನಲ್ಲಿ, ಕೋವಿಡ್ ಹೊತ್ತಿನಲ್ಲಿ, ಅಮೆರಿಕದ ನ್ಯೂಜೆರ್ಸಿಯ ಗವರ್ನರ್ ಫಿಲ್ ಮರ್ಫಿ ಕೋಬಾಲ್ ಬಲ್ಲವರು ನೆರವಿಗೆ ಬನ್ನಿ ಎಂದು ಬಹಿರಂಗವಾಗಿ ಕೇಳಿಕೊಂಡರು. ನಿರುದ್ಯೋಗ ಭತ್ಯೆಯ ಅರ್ಜಿಗಳು ಪ್ರವಾಹದಂತೆ ಬಂದಿದ್ದವು, ಅವನ್ನು ನಿಭಾಯಿಸಬೇಕಿದ್ದ ಸರ್ಕಾರಿ ವ್ಯವಸ್ಥೆ ದಶಕಗಳ ಹಿಂದಿನ ಕೋಬಾಲಿನದು. ಅದೇ ವರ್ಷದ ಕೊನೆಗೆ ಅಡೋಬಿ, ವೆಬ್ ಪುಟಗಳಲ್ಲಿ ಆಟ, ಅನಿಮೇಷನ್ ಓಡಿಸುತ್ತಿದ್ದ ತನ್ನ ಫ್ಲ್ಯಾಶ್ ಪ್ಲೇಯರಿಗೆ ಬೆಂಬಲ ನಿಲ್ಲಿಸಿತು. ಅದನ್ನೇ ನೆಚ್ಚಿ ಅದರ ಲ್ಯಾಂಗ್ವೇಜಾದ ಆಕ್ಷನ್‌ಸ್ಕ್ರಿಪ್ಟ್ ಕಲಿತವರು ಬೇರೆ ದಾರಿ ನೋಡಬೇಕಾಯಿತು. ಒಂದೇ ಕಂಪನಿಯ ಒಂದೇ ಉತ್ಪನ್ನಕ್ಕೆ ಜೋತುಬಿದ್ದ ತಂತ್ರಜ್ಞಾನ ಆ ಉತ್ಪನ್ನದ ಜೊತೆಗೇ ಹೋಗುತ್ತದೆ. ಸಾವಿರಾರು ಸಂಸ್ಥೆಗಳ ದಿನನಿತ್ಯದ ವ್ಯವಹಾರದಲ್ಲಿ ಬೇರುಬಿಟ್ಟದ್ದು ಅಷ್ಟು ಬೇಗ ಹೋಗುವುದಿಲ್ಲ. ಹೊಸಬರು ಈ ವ್ಯತ್ಯಾಸ ನೋಡಿಕೊಂಡರೆ ಸಾಕು. ಸಿ, ಜಾವಾ, ಪೈಥಾನ್, ಜಾವಾಸ್ಕ್ರಿಪ್ಟ್ ಯಾವುದನ್ನು ಆರಿಸಿದರೂ ಮೋಸವಿಲ್ಲ.

ಇನ್ನು ಕಲಿಯುವ ರೀತಿ. ಬಹಳ ಮಕ್ಕಳು ಎಡವುವುದು ಇಲ್ಲಿಯೇ ಎಂದು ನನ್ನ ನಂಬಿಕೆ. ಒಂದು ಚಿಕ್ಕ ಸಮಸ್ಯೆ ತೆಗೆದುಕೊಳ್ಳಿ: ಹತ್ತು ಸಾವಿರ ಹೆಸರುಗಳ ಪಟ್ಟಿಯಿದೆ, ಅದರಲ್ಲಿ ಎರಡು ಸಲ ಬಂದ ಹೆಸರು ಹುಡುಕಬೇಕು. ಪ್ರತಿ ಹೆಸರನ್ನೂ ಉಳಿದೆಲ್ಲ ಹೆಸರುಗಳ ಜೊತೆ ಹೋಲಿಸುತ್ತಾ ಹೋದರೆ ಸುಮಾರು ಐದು ಕೋಟಿ ಹೋಲಿಕೆ. ಹಾಗಲ್ಲದೆ, ನೋಡಿದ ಹೆಸರನ್ನು, ಹೆಸರಿನಿಂದಲೇ ಅದರ ಜಾಗ ನೇರವಾಗಿ ಸಿಗುವ ಹ್ಯಾಷ್ ಟೇಬಲ್‌ನಲ್ಲಿ ಗುರುತು ಹಾಕಿಕೊಳ್ಳುತ್ತಾ, ಹೊಸದು ಬಂದಾಗ ಅಲ್ಲಿ ಈಗಾಗಲೇ ಇದೆಯೇ ಎಂದು ನೋಡುತ್ತಾ ಹೋದರೆ ಹತ್ತು ಸಾವಿರ ಸಲಕ್ಕೆ ಮುಗಿಯಿತು. ಲಕ್ಷ ಹೆಸರಾದರೆ ಮೊದಲ ದಾರಿ ಐನೂರು ಕೋಟಿಗೆ ಏರುತ್ತದೆ, ಎರಡನೆಯದು ಲಕ್ಷದಲ್ಲೇ ನಿಲ್ಲುತ್ತದೆ. ಇದು ಜಾವಾದಲ್ಲೂ ನಿಜ, ಪೈಥಾನಿನಲ್ಲೂ ನಿಜ. ಕ್ಯಾಂಪಸ್ಸಿಗೆ ಬರುವ ಕಂಪನಿಗಳ ಕೋಡಿಂಗ್ ಪರೀಕ್ಷೆಯಲ್ಲಿ ಸಾಮಾನ್ಯವಾಗಿ ಲ್ಯಾಂಗ್ವೇಜಿನ ಆಯ್ಕೆ ಅಭ್ಯರ್ಥಿಗೇ ಬಿಟ್ಟದ್ದು. ಅವರು ನೋಡುವುದು ಈ ಎರಡನೇ ದಾರಿ ಹೊಳೆಯುತ್ತದೆಯೇ ಎಂದು. ಇನ್ಫೋಸಿಸ್ ತನ್ನ ಹೊಸಬರನ್ನು ಮೈಸೂರಿನ ಕ್ಯಾಂಪಸ್ಸಿನಲ್ಲಿ ತಿಂಗಳುಗಟ್ಟಲೆ ತರಬೇತಿಗೆ ಕೂರಿಸುತ್ತಾ ಬಂದಿದೆ. ಸಿಂಟ್ಯಾಕ್ಸನ್ನು, ಅಂದರೆ ಲ್ಯಾಂಗ್ವೇಜಿನ ಬರವಣಿಗೆಯ ನಿಯಮಗಳನ್ನು, ಕಂಪನಿಯೇ ಕಲಿಸಬಹುದು. ಹೀಗೆ ಯೋಚಿಸುವ ರೂಢಿಯನ್ನು ಕೆಲವು ತಿಂಗಳಲ್ಲಿ ಯಾರೂ ಕಲಿಸಿಕೊಡಲಾರರು.

ಈ ರೂಢಿ ಬರಬೇಕಾದರೆ ಒಂದೇ ಲ್ಯಾಂಗ್ವೇಜಿನಲ್ಲಿ ವರ್ಷವಾದರೂ ನಿಲ್ಲಬೇಕು. ಮೂರು ತಿಂಗಳಿಗೊಂದು ಕೋರ್ಸು ಸೇರಿ ಬಯೋಡೇಟಾದಲ್ಲಿ ಏಳು ಹೆಸರು ಬರೆದವರಿಗೆ ಏಳರಲ್ಲೂ ಲೂಪ್ ಬರೆಯುವುದು ಗೊತ್ತಿರುತ್ತದೆ, ಒಂದರಲ್ಲೂ ದೋಷ ಹುಡುಕುವುದು ಬಂದಿರುವುದಿಲ್ಲ. ಒಂದನ್ನು ಆಳವಾಗಿ ಕಲಿತವರಿಗೆ ಎರಡನೆಯದು ಬೇಗ ಕೈಗೆ ಹತ್ತುತ್ತದೆ. 2019ರಲ್ಲಿ ಗೂಗಲ್ ಆಂಡ್ರಾಯ್ಡ್ ಆ್ಯಪ್‌ಗಳಿಗೆ ಕೋಟ್ಲಿನ್ ಎಂಬ ಲ್ಯಾಂಗ್ವೇಜ್ ತನ್ನ ಮೊದಲ ಆದ್ಯತೆ ಎಂದಾಗ ಜಾವಾ ಚೆನ್ನಾಗಿ ಬಲ್ಲವರಿಗೆ ದಾಟಿಕೊಳ್ಳುವುದು ಭಾರವಾಗಲಿಲ್ಲ.

ದಾಟುವಾಗ ಕಣ್ಣು ತೆರೆದಿರಬೇಕು ಅಷ್ಟೆ. ಏಳನ್ನು ಎರಡರಿಂದ ಭಾಗಿಸು ಎಂದರೆ ಸಿ ಮತ್ತು ಜಾವಾ ಪೂರ್ಣಾಂಕ 3 ಕೊಡುತ್ತವೆ, ಇಂದಿನ ಪೈಥಾನ್ 3.5 ಕೊಡುತ್ತದೆ. ನಮ್ಮದೇ ಲಿಪಿಯ ಒಂದು ಉದಾಹರಣೆ ನೋಡಿ. ‘ಕನ್ನಡ’ ಎಂಬ ಪದದ ಉದ್ದವೆಷ್ಟು ಎಂದು ಪೈಥಾನನ್ನೋ ಜಾವಾಸ್ಕ್ರಿಪ್ಟನ್ನೋ ಕೇಳಿದರೆ 5 ಎನ್ನುತ್ತದೆ. ಕ, ನ, ಒತ್ತಕ್ಷರ ಮೂಡಿಸುವ ವಿರಾಮದ ಗುರುತು (್), ಮತ್ತೊಂದು ನ, ಡ ಎಂದು ಯುನಿಕೋಡ್ ಸಂಕೇತಗಳ ಲೆಕ್ಕ. ಗೋ ಮತ್ತು ರಸ್ಟ್ ಎಂಬ ಲ್ಯಾಂಗ್ವೇಜುಗಳು ಕೊಡುವ ಉತ್ತರ 15, ಏಕೆಂದರೆ ಅವು ಎಣಿಸುವುದು ಬೈಟುಗಳನ್ನು, ಯುನಿಕೋಡನ್ನು ಬೈಟುಗಳಾಗಿ ಬರೆಯುವ ಯುಟಿಎಫ್-8ರಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೂ ಮೂರು ಬೈಟು. ನಮ್ಮ ಕಣ್ಣಿಗೆ ಕಾಣುವುದು ಮೂರೇ ಅಕ್ಷರ. ಹೆಸರಿನ ಉದ್ದಕ್ಕೆ ಮಿತಿ ಹಾಕುವ ಫಾರ್ಮನ್ನು ಈ ಲೆಕ್ಕ ತಿಳಿಯದೆ ಬರೆದರೆ ಕನ್ನಡದ ಹೆಸರು ಅರ್ಧಕ್ಕೆ ತುಂಡಾಗುತ್ತದೆ.

ಈಗ ಕೋಡನ್ನು ಎಐ ಉಪಕರಣಗಳೇ ಬರೆದುಕೊಡುತ್ತವಲ್ಲ, ಕಲಿಯುವುದೇಕೆ ಎಂದು ಕೇಳುವವರಿದ್ದಾರೆ. ಅವು ಬರೆಯುತ್ತವೆ, ಬೇಗ ಬರೆಯುತ್ತವೆ. ಬರೆದದ್ದು ಐದು ಕೋಟಿ ಹೋಲಿಕೆಯದೋ ಹತ್ತು ಸಾವಿರದ್ದೋ, ಕನ್ನಡದ ಹೆಸರನ್ನು ಕತ್ತರಿಸುತ್ತದೋ ಇಲ್ಲವೋ ಎಂದು ಓದಿ ಹೇಳಬಲ್ಲವರು ಬೇಕಲ್ಲ? ಮೊದಲ ಕೆಲವು ತಿಂಗಳು ಅವುಗಳಿಂದ ಕೋಡ್ ಬರೆಸದೆ, ತಾನು ಬರೆದದ್ದರಲ್ಲಿ ತಪ್ಪೆಲ್ಲಿದೆ ಎಂದು ಕೇಳಲು ಮಾತ್ರ ಬಳಸುವುದು ಒಳ್ಳೆಯದು. ಕನ್ನಡ ಮಾಧ್ಯಮದಲ್ಲಿ ಓದಿ ಬಂದವರಿಗೆ ಇಲ್ಲೊಂದು ಅನುಕೂಲವೂ ಇದೆ: ಇಂಗ್ಲಿಷಿನಲ್ಲಿ ಬಂದ ಎರರ್ ಮೆಸೇಜನ್ನು ಕನ್ನಡದಲ್ಲಿ ವಿವರಿಸು ಎಂದು ಕೇಳಬಹುದು. ಹಾಗೆ ಕೇಳುವ ಮೊದಲು ಆ ಮೆಸೇಜನ್ನು, ಅದರಲ್ಲಿರುವ ಸಾಲಿನ ಸಂಖ್ಯೆಯನ್ನು ತಾನೇ ಒಮ್ಮೆ ನಿಧಾನವಾಗಿ ಓದಬೇಕು. ತಪ್ಪು ಎಷ್ಟೋ ಸಲ ಆ ಸಾಲಿನಲ್ಲೋ, ಅದರ ಹಿಂದಿನ ಸಾಲಿನಲ್ಲೋ ಇರುತ್ತದೆ.