ಬೆಳ್ಳಿಯ ಕಣ್ಣು

ಬೆಕ್ಕು ಕಣ್ಣು ಮುಚ್ಚಿಕೊಂಡು ಹಾಲು ಕುಡಿಯುತ್ತದೆ ಎಂಬ ಗಾದೆಯನ್ನು ಕೇಳದವರಿಲ್ಲ. ಕಳೆದ ಚೈತ್ರದ ಒಂದು ಬೆಳಗ್ಗೆ ತಳಕಿನ ನಮ್ಮ ಮನೆಯ ಬೆಕ್ಕು ಕಣ್ಣನ್ನು ಅಗಲವಾಗಿ ತೆರೆದುಕೊಂಡೇ ಹಾಲಿನ ಬಟ್ಟಲೊಳಕ್ಕೆ ಮುಂಗಾಲಿಟ್ಟಿತು. ಬೆದರಿ ಹಿಂದಕ್ಕೆ ಸರಿದು ಅಡಿಗೆಮನೆಯ ಹೊಸ್ತಿಲಿಗೆ ತಲೆ ತಾಗಿಸಿಕೊಂಡಿತು. ನಾನು ನಕ್ಕೆ. ಆ ನಗೆಯನ್ನು ನೆನೆದರೆ ಈಗಲೂ ನಾಚಿಕೆಯಾಗುತ್ತದೆ.

ಬೆಳ್ಳಿ ಎಂಬುದು ಅಮ್ಮ ಇಟ್ಟ ಹೆಸರು, ಮೈಬಣ್ಣವೇನೋ ಬೂದಿಯದು. ಅದಕ್ಕೆ 14 ವರ್ಷ. ಬೆಕ್ಕುಗಳ ಲೆಕ್ಕದಲ್ಲಿ ಅಮ್ಮನಿಗೂ ಅದಕ್ಕೂ ಹೆಚ್ಚು ಕಡಿಮೆ ಒಂದೇ ಪ್ರಾಯ. ಆದಕಾರಣ ಅಮ್ಮನ ತೀರ್ಪು ಕೂಡಲೇ ಹೊರಬಿತ್ತು: “ವಯಸ್ಸಾಯಿತಲ್ಲೋ, ನನಗೆ ಬಂದಿತ್ತಲ್ಲ, ಅದೇ ಪೊರೆ.” ನೆರೆಯವರಲ್ಲಿ ಒಬ್ಬರು ಕಣ್ಣಿಗೆ ಜೇನುತುಪ್ಪ ಬಿಡಿ ಎಂದರು, ಇನ್ನೊಬ್ಬರು ಹರಳೆಣ್ಣೆ ಎಂದರು. ದೈವವಶಾತ್ ಎರಡನ್ನೂ ಮಾಡಲಿಲ್ಲ. ಮಾಡಿದ ತಪ್ಪೆಂದರೆ ಏನನ್ನೂ ಮಾಡದೆ ನಾಲ್ಕು ದಿನ ಕುಳಿತದ್ದು.

ಐದನೆಯ ದಿನ ನಡುಹಗಲಿನಲ್ಲಿ ಅಂಗಳದ ಬಿಸಿಲಿಗೆ ಅದರ ಮುಖ ತಿರುಗಿಸಿ ನೋಡಿದೆ. ಬಿಸಿಲಿನಲ್ಲಿ ಬೆಕ್ಕಿನ ಪಾಪೆ ಕೂದಲಿನೆಳೆಯಷ್ಟು ಸಣ್ಣಗಾಗಬೇಕು. ಬೆಳ್ಳಿಯ ಪಾಪೆಗಳೆರಡೂ ಅಮಾವಾಸ್ಯೆಯ ರಾತ್ರಿಯಲ್ಲಿದ್ದಂತೆ ದುಂಡಗೆ, ಕರ್ರಗೆ ಅರಳಿ ನಿಂತಿದ್ದವು. ಪೊರೆಯಾಗಿದ್ದರೆ ಬಿಳುಪು ಕಾಣಬೇಕಿತ್ತು. ಪೊರೆ ರಾತ್ರೋರಾತ್ರಿ ಬರುವುದೂ ಇಲ್ಲ.

ನಮ್ಮ ಕಡೆಯ ಪಶುವೈದ್ಯರಿಗೆ ದಿನವೆಲ್ಲ ಕುರಿ ದನಗಳದೇ ಕೆಲಸ. ಆದರೂ ಅವರು ಬೆಕ್ಕನ್ನು ಹಿಡಿದು ನೋಡಿ, “ಮೇಷ್ಟ್ರೇ, ಇದು ನೀರು ಬಹಳ ಕುಡಿಯುತ್ತದೆಯೋ?” ಎಂದು ಕೇಳಿದರು. ನಾನು ತಬ್ಬಿಬ್ಬಾದೆ. ಕುಡಿಯುತ್ತಿತ್ತು, ಆರು ತಿಂಗಳಿಂದ ಕುಡಿಯುತ್ತಿತ್ತು. ತಳಕು ಎಂದರೆ ಕನ್ನಡ ಓದಿದವರಿಗೆ ಟಿ. ಎಸ್. ವೆಂಕಣ್ಣಯ್ಯನವರ ಊರು, ಕುವೆಂಪು ತಮ್ಮ ಮಹಾಕಾವ್ಯವನ್ನು ಅರ್ಪಿಸಿದ್ದು ಈ ಗುರುವಿಗೆ. ಹೊರಗಿನಿಂದ ಬಂದ ಮಿತ್ರರು ಆ ಮಾತನ್ನೇ ಎತ್ತುತ್ತಾರೆ. ಊರಿನವರು ಎತ್ತುವ ಮಾತು ಮಾತ್ರ ಮಳೆಯದು. ನಮ್ಮ ಚಳ್ಳಕೆರೆ ತಾಲ್ಲೂಕು ಕರ್ನಾಟಕದಲ್ಲಿ ಅತಿ ಕಡಿಮೆ ಮಳೆ ಕಾಣುವ ತಾಲ್ಲೂಕುಗಳಲ್ಲಿ ಒಂದು. ಇಂಥ ನೆಲದಲ್ಲಿ ಒಂದು ಬೆಕ್ಕು ಎರಡು ಬಟ್ಟಲು ನೀರು ಕುಡಿದರೆ ಅದನ್ನು ರೋಗವೆಂದು ಬಗೆಯುವವರು ಯಾರು? ಮೈ ಇಳಿದಿದ್ದನ್ನೂ ಮುಪ್ಪಿನ ಖಾತೆಗೇ ಬರೆದಿದ್ದೆವು.

“ಇದು ಕಣ್ಣಿನಿಂದ ಹುಟ್ಟಿದ ರೋಗವಲ್ಲ, ರಕ್ತದ ಒತ್ತಡ ಏರಿರಬೇಕು. ಬೆಕ್ಕಿಗೆ ಅಳೆಯುವ ಪಟ್ಟಿ ನನ್ನಲ್ಲಿಲ್ಲ. ಇವೊತ್ತೇ ಬೆಂಗಳೂರಿಗೆ ಹೊರಡಿ” ಎಂದರು ವೈದ್ಯರು. ತರಕಾರಿಯ ಬುಟ್ಟಿಗೆ ಹಳೆಯ ಕಂಬಳಿ ಹಾಸಿ, ಮೇಲೊಂದು ಬಟ್ಟೆ ಕಟ್ಟಿ, 200 ಕಿಲೋಮೀಟರಿಗೂ ಮಿಕ್ಕ ಆ ದಾರಿಯನ್ನು ಬಸ್ಸಿನಲ್ಲಿ ಸವೆಸಿದೆವು. ಅಮ್ಮ ದಾರಿಯುದ್ದಕ್ಕೂ ಬುಟ್ಟಿಯೊಳಗೆ ಒಂದು ಕೈ ಇಟ್ಟುಕೊಂಡೇ ಇದ್ದಳು.

ಬೆಂಗಳೂರಿನ ವೈದ್ಯರು ಮೊದಲು ಏನೂ ಮಾಡಲಿಲ್ಲ. ಸದ್ದಿಲ್ಲದ ಕೋಣೆಯಲ್ಲಿ ಬೆಕ್ಕನ್ನು ಅಮ್ಮನ ಮಡಿಲಲ್ಲಿ ಕೂರಿಸಿ ಸುಮ್ಮನೆ ಕಾದರು. ಹೆದರಿದ ಬೆಕ್ಕಿನ ಒತ್ತಡ ತಾನಾಗಿಯೇ ಏರುವುದರಿಂದ ಅವಸರದ ಅಳತೆ ಸುಳ್ಳು ಹೇಳುತ್ತದಂತೆ. ಆಮೇಲೆ ಎರಡು ಬೆರಳಗಲದ ಪಟ್ಟಿಯನ್ನು ಮುಂಗಾಲಿಗೆ ಸುತ್ತಿ ಹಲವು ಸಲ ಅಳೆದರು. ಮೇಲಿನ ಒತ್ತಡ 160ನ್ನು ದಾಟಿದರೆ ರೋಗ; 180ನ್ನು ದಾಟಿದರೆ ಕಣ್ಣು, ಮಿದುಳು, ಹೃದಯ, ಮೂತ್ರಪಿಂಡಗಳಿಗೆ ಅಪಾಯ. ಬೆಳ್ಳಿಯದು 210 ಇತ್ತು.

ಕಾರಣವನ್ನು ಅವರು ಬಿಡಿಸಿ ಹೇಳಿದರು. ಮುಪ್ಪಿನ ಬೆಕ್ಕುಗಳಲ್ಲಿ ಮೂತ್ರಪಿಂಡ ಸೊರಗುವುದು, ಗಂಟಲಿನ ಥೈರಾಯಿಡ್ ಗ್ರಂಥಿ ಮಿತಿಮೀರಿ ದುಡಿಯುವುದು ಸಾಮಾನ್ಯ. ಎರಡರಲ್ಲಿ ಯಾವುದಾದರೂ ರಕ್ತದ ಒತ್ತಡ ಏರಬಹುದು. ಕಣ್ಣಿನ ಹಿಂಬದಿಯಲ್ಲಿ ಬೆಳಕನ್ನು ಹಿಡಿಯುವ ತೆಳುವಾದ ಅಕ್ಷಿಪಟಲವಿದೆ. ಒತ್ತಡ ತಾಳಲಾರದೆ ನಾಳಗಳು ಒಸರಿದಾಗ ನೀರು ಅದರ ಹಿಂದೆ ಸೇರುತ್ತದೆ. ತೇವ ಏರಿದ ಗೋಡೆಯಿಂದ ಸುಣ್ಣದ ಹಕ್ಕಳೆ ಎದ್ದು ಬರುವಂತೆ ಪಟಲ ಕಳಚಿಕೊಳ್ಳುತ್ತದೆ. ಒತ್ತಡವನ್ನು ಬೇಗ ಇಳಿಸಿದರೆ ಅದು ಮತ್ತೆ ಅಂಟಿಕೊಂಡು ಸ್ವಲ್ಪ ನೋಟ ಮರಳುವುದುಂಟು. ದಿನ ಕಳೆದಂತೆ ಆ ಆಸೆ ಕುಂದುತ್ತದೆ. “ಎಷ್ಟು ದಿನವಾಯಿತು?” ಎಂದು ಅವರು ಕೇಳಿದಾಗ ನಾನು ನೆಲ ನೋಡಿದೆ. ಉತ್ತರ ಹೇಳಿದವಳು ಅಮ್ಮ.

ರಕ್ತ ಪರೀಕ್ಷೆಯಲ್ಲಿ ಮೂತ್ರಪಿಂಡದ ದೌರ್ಬಲ್ಯ ತಿಳಿದುಬಂತು. ಒತ್ತಡಕ್ಕೆ ಬರೆದ ಔಷಧ ಅಮ್ಲೋಡಿಪಿನ್. ಚೀಟಿಯನ್ನು ಕಂಡು ಅಮ್ಮನ ಮುಖ ಅರಳಿತು. ತಾನು ಎಷ್ಟೋ ವರ್ಷದಿಂದ ನುಂಗುತ್ತಿರುವುದು ಅದನ್ನೇ! ಆದರೆ ಬೆಕ್ಕಿನ ತೂಕ ಮೂರು ಕಿಲೋ. ಅದರ ಪಾಲಿಗೆ ಬರುವುದು ಮಾತ್ರೆಯ ಒಂದು ಚೂರು. ಮನೆಯಲ್ಲಿರುವ ಮಾತ್ರೆಯನ್ನು ಅಂದಾಜಿನಿಂದ ಮುರಿದು ಯಾರೂ ಕೊಡಬಾರದು. ಹಿಂದೆ ಕೊಟ್ಟ ಔಷಧಗಳ ಚೀಟಿಯಿದ್ದರೆ ಅದನ್ನೂ ವೈದ್ಯರಿಗೆ ತೋರಿಸಬೇಕು. ಎನ್ರೊಫ್ಲಾಕ್ಸಾಸಿನ್ ಎಂಬ ಔಷಧ ಪ್ರಮಾಣ ಮೀರಿದರೆ ಬೆಕ್ಕಿನ ಅಕ್ಷಿಪಟಲವನ್ನೇ ಕೆಡಿಸುತ್ತದೆ.

ಇನ್ನೊಂದು ತೊಡಕು ನಾವು ನಿರೀಕ್ಷಿಸದ ಕಡೆಯಿಂದ ಬಂತು. ನಮ್ಮದು ಮೊಟ್ಟೆಯೂ ಹೊಸ್ತಿಲು ದಾಟದ ಮನೆ. ಬೆಳ್ಳಿ ಉಂಡದ್ದು ಹಾಲು ಅನ್ನ. ಬೆಕ್ಕಿನ ಕಣ್ಣಿಗೆ ಟಾರಿನ್ ಎಂಬ ಸತ್ತ್ವ ಬೇಕು. ಅದು ಮಾಂಸದಲ್ಲಿದೆ, ಅನ್ನದಲ್ಲಿಲ್ಲ. ಅದನ್ನು ಬೇಕಾದಷ್ಟು ತನ್ನ ಮೈಯಲ್ಲೇ ತಯಾರಿಸಿಕೊಳ್ಳಲು ಬೆಕ್ಕಿಗೆ ಬರುವುದಿಲ್ಲ. ಅದು ಸಾಲದೆ ಹೋದರೆ ಅಕ್ಷಿಪಟಲ ಕ್ಷಯಿಸುತ್ತದೆಂದು ವಿಜ್ಞಾನಿಗಳು 1975ರಲ್ಲಿ ಕಂಡುಕೊಂಡರು. “ಇಷ್ಟು ದಿನ ನಿಮ್ಮ ಕಣಜದ ಇಲಿಗಳು ಒದಗಿಸಿದವು. ಕಣ್ಣಿಲ್ಲದೆ ಇಲಿ ಹಿಡಿಯುವುದೆಂತು? ಇನ್ನು ನೀವೇ ಒದಗಿಸಬೇಕು” ಎಂದರು ವೈದ್ಯರು. ಅಮ್ಮ ಒಂದು ರಾತ್ರಿ ಯೋಚಿಸಿದಳು. ಈಗ ವೈದ್ಯರು ಬರೆದುಕೊಟ್ಟ ಬೆಕ್ಕಿನ ಆಹಾರದ ಡಬ್ಬಿ ಪಡಸಾಲೆಯ ಗೂಡಿನಲ್ಲಿದೆ. ಅದನ್ನು ಬಡಿಸುವ ಚಮಚ ನನ್ನದು, ತೊಳೆಯುವ ಕೆಲಸವೂ ನನ್ನದು.

ಎರಡು ವಾರದಲ್ಲಿ ಒತ್ತಡ 150ಕ್ಕೆ ಇಳಿಯಿತು. ಎಡಗಣ್ಣಿನ ಪಾಪೆ ದೀಪಕ್ಕೆ ತುಸು ಕುಗ್ಗುತ್ತದೆ. ಬಾಗಿಲ ಬೆಳಕನ್ನು ಅದು ಗುರುತಿಸುತ್ತದೆಂದು ನಮ್ಮ ನಂಬಿಕೆ. ಬಲಗಣ್ಣು ಹೋಯಿತು.

ಊರಿಗೆ ಬಂದ ಮೊದಲ ದಿನಗಳು ಕಷ್ಟದವು. ಬೆಳ್ಳಿ ಗೋಡೆಯ ಮೂಲೆಗೆ ಮುಖವಿಟ್ಟು ಕೂಗುತ್ತಿತ್ತು. ನಾವು ಕನಿಕರದಿಂದ ಎತ್ತಿಕೊಂಡು ಮತ್ತೆಲ್ಲಿಯೋ ಇಳಿಸುತ್ತಿದ್ದೆವು. ಅದರ ಗೊಂದಲ ಇನ್ನಷ್ಟು ಹೆಚ್ಚುತ್ತಿತ್ತು. ಇಳಿಸುವುದಾದರೆ ನೀರಿನ ಬಟ್ಟಲಿನ ಬಳಿಯೇ ಇಳಿಸಬೇಕು. ಅಲ್ಲಿಂದ ಮನೆಯ ನಕ್ಷೆಯೆಲ್ಲ ಅದಕ್ಕೆ ಬಾಯಿಪಾಠ. ಮೀಸೆ, ಮೂಗು, ಕಿವಿಗಳಿಂದ ಅದು ವಾರದೊಳಗೆ ದಾರಿ ಬಿಡಿಸಿಕೊಂಡಿತು. ಕೆಟ್ಟದ್ದೆಲ್ಲ ನಮ್ಮಿಂದಲೇ: ಮಗಳು ಬಾಗಿಲಲ್ಲಿ ಬಿಸುಟ ಶಾಲೆಯ ಚೀಲ, ನಾನು ನಡುಮನೆಯಲ್ಲಿ ಮರೆತ ಕುರ್ಚಿ. ಬಾವಿಗೆ ಮುಚ್ಚಳ ಹಾಕಿಸಿದೆವು, ಅಟ್ಟದ ಏಣಿಯನ್ನು ತೆಗೆದಿಟ್ಟೆವು. ಮುಟ್ಟುವ ಮೊದಲು ಹೆಸರು ಹಿಡಿದು ಕರೆಯಬೇಕೆಂದು ಮಗಳಿಗೆ ಕಲಿಸಿದೆವು.

ನಮ್ಮ ಹೊಲದಲ್ಲಿ ಮಂದೆ ನಿಲ್ಲಿಸುವ ಕುರಿಯ ಅಜ್ಜ ಒಂದು ದಿನ ಈ ಕಥೆ ಕೇಳಿ, “ನಮ್ಮ ಮಂದೆಯಾಗೂ ಒಂದು ಕುಲ್ಡು ಕುರಿ ಐತೆ ಸಾಮಿ. ಮುಂದ್ಲ ಮೇಕೆ ಕೊಳ್ಳಾಗೆ ಗಂಟೆ ಕಟ್ಟೀನಿ, ಅದ್ರ ಹಿಂದೇನೇ ಓಗ್ತೈತೆ” ಎಂದ. ಅಮ್ಮ ಒಳಗಿನಿಂದ ಕೇಳಿಸಿಕೊಂಡಳು. ಮನೆವಾರ್ತೆಯನ್ನು ಸೊಸೆಗೆ ಒಪ್ಪಿಸಿದಂದು ಅವಳು ಸೊಂಟದ ಬೀಗದಕೈ ಗೊಂಚಲನ್ನು ತೆಗೆದಿಟ್ಟಿದ್ದಳು. ಮರುದಿನ ಬೆಳಗ್ಗೆ ಅದು ಮತ್ತೆ ಸೊಂಟವೇರಿತು. ಯಾವ ಬೀಗಕ್ಕೂ ಹೊಂದದ ಹಳೆಯ ಕೈಗಳು ಅವು; ಸದ್ದಿಗೇನೂ ಕೊರತೆಯಿಲ್ಲ. ಅಮ್ಮ ಹಿತ್ತಲಿಗೆ ಹೊರಟರೆ ಬೆಳ್ಳಿ ಮೂರು ಮಾರು ಹಿಂದೆ ಹೊರಡುತ್ತದೆ.

ಮುಂದಿನ ತಿಂಗಳು ಮತ್ತೆ ಒತ್ತಡ ಅಳೆಸಲು ಹೋಗಬೇಕು. ಬುಟ್ಟಿಯನ್ನು ತೊಳೆದು ಬಿಸಿಲಿಗಿಟ್ಟ ಅಮ್ಮ, ಒಣಗಿದ ಮೇಲೆ ಅದನ್ನು ಮೊದಲಿದ್ದ ಮೂಲೆಯಲ್ಲೇ ಇಡಬೇಕೆಂದು ನನಗೆ ಎರಡು ಸಲ ಹೇಳಿದ್ದಾಳೆ.